ಹತ್ತು ಬಾಗಿಲ ನೀರು

ದಾವಣಗೆರೆ, ೩೦ ಫೆಬ್ರವರಿ ೨೨೦೩

ಸೈಟು ಕೊಳ್ಳಲು ಹೊರಟಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಯಾಕೆ ಅಂತ ನನ್ನನ್ನು ಕೇಳಬೇಡಿ, ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ಎರಡೆರಡು ಸಲ ಹೇಳುವ ತಾಳ್ಮೆ ಮಾತ್ರ ನನಗಿಲ್ಲ.

ನಮ್ಮ ಕಾಲದಲ್ಲಿ ಮನೆಯ ಜೊತೆ ನೆರಳುಪತ್ರ ಬರುತ್ತದೆ. ದಿನಕ್ಕೆ ಎಷ್ಟು ತಾಸು ಮನೆಯ ಮೇಲೆ ನೆರಳಿರುತ್ತದೆ ಅನ್ನುವ ಸರ್ಕಾರಿ ಕಾಗದ ಅದು. ಬಿಸಿಲು ಹಾಗಿದೆ ಇಲ್ಲಿ, ಹನ್ನೊಂದರಿಂದ ನಾಲ್ಕರವರೆಗೆ ಕಾಗೆಯೂ ಹಾರುವುದಿಲ್ಲ. ಒಂದೊಂದು ಏರಿಯಾದ ಮೂಲೆಗೂ ಬೆಲೆಗನ್ನಡಿ ನಿಲ್ಲಿಸಿದ್ದಾರೆ. ಆಳೆತ್ತರದ ಗಾಜು, ಜಾಗದ ಬೆಲೆ ಏರುವಂತಿದ್ದರೆ ಹಸಿರು, ಇಳಿಯುವಂತಿದ್ದರೆ ಕೆಂಪು. ಓದಿದವರೆಲ್ಲ ಅದರ ಮುಂದೆ ನಿಂತೇ ಮನೆ ಕೊಳ್ಳುತ್ತಾರೆ, ಹೊಸಿಲು ದಾಟಿ ನೋಡುವುದಿಲ್ಲ.

ಹೋದ ವರ್ಷ ನಮ್ಮ ಓಣಿ ಒಡೆಯುತ್ತೇವೆ ಅಂತ ನೋಟೀಸು ಬಂತು. ನಾವು ಹನ್ನೊಂದು ಮನೆಯ ಹೆಂಗಸರು ಸಂಘ ಕಟ್ಟಿ ಇಪ್ಪತ್ತು ವರ್ಷ ಕೂಡಿಟ್ಟಿದ್ದನ್ನೆಲ್ಲ ಒಂದೇ ಕಡೆ ಹಾಕಬೇಕಿತ್ತು. ತಪ್ಪಿದರೆ ಹನ್ನೊಂದು ಸಂಸಾರ ಬೀದಿಗೆ. ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದರು.

ದಲ್ಲಾಳಿ ಉಜ್ಜಿನಪ್ಪ ಹೊಂಬೆಳಕು ನಗರ ತೋರಿಸಿದ. ಕನ್ನಡಿ ಗಿಳಿಯಂಗೆ ಹಸಿರು. ನನ್ನದು ನಮ್ಮವ್ವ ಕಲಿಸಿದ ಲೆಕ್ಕ: ಜಾಗ ಅಳೆಯಬೇಕಾದರೆ ಉರಿಬಿಸಿಲಲ್ಲಿ ಹತ್ತು ಬಾಗಿಲು ಬಡಿದು ಕುಡಿಯಲು ನೀರು ಕೇಳಬೇಕು. ಬಡಿದೆ. ಎಂಟು ಬಾಗಿಲಿಗೆ ಬೀಗ. ಬೆಲೆ ಏರಲಿ ಅಂತ ಕೊಂಡಿಟ್ಟ ಮನೆಗಳು. ಒಂಬತ್ತನೆಯದರಲ್ಲಿ ಕಾವಲುಗಾರ ಕೈ ಬೀಸಿ ಕಳಿಸಿದ. ಹತ್ತನೆಯದರಲ್ಲಿ ಟ್ಯಾಂಕರ್ ಬಂದಿಲ್ಲ ಅಂದರು. "ನೀರು ಕುಡಿಯಾಕ್ ಬಂದೀರೋ, ಮನಿ ತಗಳಾಕ್ ಬಂದೀರೋ ಹಾಲಮ್ಮಾರೆ?" ಅಂತ ಉಜ್ಜಿನಪ್ಪ ಗೊಣಗಿದ. ಮನಿ ತಗಂಡು ಗ್ವಾಡಿ ನೆಕ್ಲೇನೋ ಮೂಳ ಅಂದು ಹೊರಟುಬಂದೆ.

ಸೀದಾ ನಡೆದಿದ್ದು ಗಂಜಿಕಟ್ಟೆಗೆ. ಅಲ್ಲಿನ ಕನ್ನಡಿ ಕುಂಕುಮದಷ್ಟು ಕೆಂಪು. ಮೊದಲನೇ ಬಾಗಿಲಲ್ಲೇ ಕೊಟ್ರಮ್ಮ ಅನ್ನುವಾಕೆ, ಈ ಬಿಸಿಲಾಗ ಯಾವ ಬುದ್ಧಿವಂತಿ ತಿರುಗ್ತಾಳ ಅಂತ ಬೈಯುತ್ತಲೇ ಬೆಲ್ಲ, ನೀರು ತಂದಿಟ್ಟಳು. ಸ್ವಂತ ಬಾವಿಯ ನೀರು, ಎಳನೀರಿನಂಥದ್ದು. ಹತ್ತಕ್ಕೆ ಹತ್ತೂ ಬಾಗಿಲು ತೆರೆದವು. ಹಿತ್ತಲಲ್ಲಿ ಬಾಯಿ ತೆರೆದ ಮಳೆನೀರಿನ ಕಾಲುವೆ. ಅಮಾವಾಸ್ಯೆಗೊಮ್ಮೆ ಮನೆಗೊಬ್ಬರು ಸಲಿಕೆ ಹಿಡಿದು ಹೂಳು ತೆಗೆಯುತ್ತಾರೆ. ನಲವತ್ತು ವರ್ಷದ ಹಿಂದೆ ಅಲ್ಲಿ ನೀರು ನುಗ್ಗಿತ್ತಂತೆ. ಗಾಜಿಗೆ ಅದು ಮಾತ್ರ ನೆನಪಿದೆ, ಸಲಿಕೆ ಕಾಣಿಸುವುದಿಲ್ಲ.

ಅಲ್ಲಿ ಮಾರಾಟಕ್ಕಿದ್ದ ಮನೆಗಳಿಗೆ ಕನ್ನಡಿ ತೋರಿಸಿಯೇ ಚೌಕಾಸಿ ಮಾಡಿದೆ. ಹನ್ನೊಂದು ಮನೆಯ ದುಡ್ಡಿಗೆ ಹನ್ನೆರಡು ಬಂದವು!

ಈ ಸಲ ಸಂಕ್ರಾಂತಿಗೇ ಬೇಸಿಗೆ ಕಾಲಿಟ್ಟು ಹೊಂಬೆಳಕಿಗೆ ಟ್ಯಾಂಕರ್ ನಿಂತೇಹೋಯಿತು. ಕೊಂಡವರು ಮಾರಲು ಓಡಾಡುತ್ತಿದ್ದಾರೆ, ಕೇಳುವವರಿಲ್ಲ. ಉಜ್ಜಿನಪ್ಪ ಮಗಳ ಸಂಸಾರಕ್ಕೆ ಅಂತ ನಮ್ಮ ಹನ್ನೆರಡನೇ ಮನೆ ಬಾಡಿಗೆಗೆ ಕೇಳಿಕೊಂಡು ಬಂದ. ಕೊಟ್ಟೆ. ಮೊದಲು ಒಂದು ಅಮಾವಾಸ್ಯೆ ಸಲಿಕೆ ಹಿಡಿಸಿದೆ. ಹನ್ನೊಂದೂ ಹೆಂಗಸರು ದಂಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ನೋಡಿದೆವು.

ಈಗ ನಿಮಗೆ ಹೇಳಬೇಕಾದ್ದು. ಈ ಕಾಲುವೆ ನಿಮ್ಮ ಕಾಲದಲ್ಲೂ ಹರಿಯುತ್ತಿದೆ. ಅದರ ಮೇಲೆ ಚಪ್ಪಡಿ ಮುಚ್ಚಿ ಸೈಟು ಮಾಡಲು ಯಾರೋ ಒಬ್ಬ ಟೇಪು ಹಿಡಿದು ನಿಂತಿರುತ್ತಾನೆ. ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಾನೆ, ನಿಮಗೂ ಆಸೆಯಾಗುತ್ತದೆ. ಮುಟ್ಟಬೇಡಿ. ಆ ಜಾಗಕ್ಕೆ ಗಿರಾಕಿ ನಾವಿದ್ದೇವೆ, ಬರುವುದು ಸ್ವಲ್ಪ ತಡ.

ಹಾಲಮ್ಮ
ಗಂಜಿಕಟ್ಟೆ