ಅವ್ವ ಮುಚ್ಚಿದ ಬದು

ಅಪ್ಪಾಜಿಗೆ ನಮಸ್ಕಾರ. ಬೈಂದೂರು ಕಡೆಯ ಈ ಹಳ್ಳಿಗೆ ಬಂದ ಮೇಲೆ ಬಿಸಿಲನ್ನೇ ಕಂಡಿಲ್ಲ. ಗದ್ದೆಗಳು ನಮ್ಮ ದೇಶನೂರಿನಂತೆ ಕಣ್ಣು ಹಾಯುವಷ್ಟು ದೂರ ಇಲ್ಲ, ಗುಡ್ಡದ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿವೆ. ಕಾಲುವೆಗೆ ನೀರು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಬಂದ ನೀರನ್ನು ಹೊರಗೆ ಕಳಿಸುವುದೇ ಇವರ ಪಾಡು.

ನಿನ್ನೆ ಪಕ್ಕದ ಮನೆಯ ಜಲಜಕ್ಕ ಬದು ಕಡಿದು ಗದ್ದೆಯ ನೀರು ಬಿಟ್ಟಿದ್ದರು. ಅವ್ವನಿಗೆ ನೋಡಲಾಗಲಿಲ್ಲ. "ಇಷ್ಟು ನೀರು ಹೊಂಟೈತಿ, ಯಾರಿಗೂ ಖಬರಿಲ್ಲಲ್ಲ" ಎಂದು ಮಳೆಯಲ್ಲೇ ಹೋಗಿ ಮಣ್ಣು ತುಂಬಿ ಮುಚ್ಚಿ ಬಂದಳು.

ಜಲಜಕ್ಕ ನಗುತ್ತಲೇ ಮನೆಗೆ ಬಂದರು. "ನೀರ್ ಹೋಪುಕೇ ಕಡ್ದದ್ದ್ ಅಮ್ಮ, ನಿಂತ್ರೆ ಸಸಿ ಕೊಳಿತ್ತ್."

"ನಮ್ಮೂರಾಗ ಇಂಥಾ ನೀರಿಗೆ ತೂಬಿನ ಮ್ಯಾಲೆ ಬಡದಾಡ್ತಾರ್ರಿ" ಎಂದಳು ಅವ್ವ.

ಮಾತಾಡುತ್ತಲೇ ಜಲಜಕ್ಕ ಒಳಗೆ ಹಗ್ಗದ ಮೇಲಿದ್ದ ಕೂಸಿನ ಬಟ್ಟೆ ಮುಟ್ಟಿ ನೋಡಿದರು. ಒಂದೂ ಒಣಗಿರಲಿಲ್ಲ. ಆ ತಂಡಿಗೇ ಕೂಸು ರಾತ್ರಿಯಿಡೀ ಅಳುತ್ತಿತ್ತು ನೋಡಿ. ನಾನು ಮೊಬೈಲಿನಲ್ಲಿ ಇಲ್ಲದ ರೋಗವನ್ನೆಲ್ಲ ಹುಡುಕುತ್ತ ಕೂತಿದ್ದೆ. ಅವರು ಅಷ್ಟನ್ನೂ ಒಯ್ದು, ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ, ಬೆಚ್ಚಗೆ ಒಣಗಿಸಿ ತಂದುಕೊಟ್ಟರು.

ಕೂಸಿಗೆ ಜ್ವರವಿಲ್ಲ, ಕೆಮ್ಮಿಲ್ಲ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಬಟ್ಟೆಗೆಲ್ಲ ಹೊಗೆ ವಾಸನೆ, ಕೂಸು ಅದನ್ನೇ ಹೊದ್ದು ಮಲಗಿದೆ. ಇವತ್ತು ಮತ್ತೆ ಜೋರು ಮಳೆ, ಜಲಜಕ್ಕನ ಗದ್ದೆಯ ನೀರು ಬಿಡಲು ಅವ್ವ ತಾನೇ ಗುದ್ದಲಿ ಹಿಡಿದು ಹೋಗಿದ್ದಾಳೆ. ಹಾಳೆಯಲ್ಲಿ ಜಾಗ ಇನ್ನೂ ಇದೆ, ಆದರೆ ಬರೆಯಲಾರೆ. ನಾನೂ ಮಲಗುತ್ತೇನೆ.

ನಿಮ್ಮ ಪಂಪಾವತಿ