ಅಡುಗೆಮನೆ ಪಕ್ಕದ ಟೇಬಲು

ಭಾವಾ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆದರೆ ಅದು ಪೂರ್ತಿ ಸುಳ್ಳೇನಲ್ಲ. ಅಕ್ಕನ ಮಂಡಿನೋವು ಹಾಗೇ ಇದೆ. ಮಗಳು ಶ್ರಾವ್ಯ ನಿಮ್ಮ ಎತ್ತರಕ್ಕೆ ಬೆಳೆದಿದ್ದಾಳೆ. ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ಈಗಲೂ ಒಂದು ಕಾಲಿಗೆ ಜಾಗ ಸಿಕ್ಕರೆ ಇನ್ನೊಂದಕ್ಕೆ ಸಿಗುವುದಿಲ್ಲ. ಆದರೆ ನಿಮಗೆ ಹೇಳದೆ ಉಳಿದ ಮಾತೊಂದಿದೆ. ಎದುರಿಗಿದ್ದಾಗ ಮೂರು ವರ್ಷ ಬಾಯಿ ಬಿಡಲಿಲ್ಲ, ನೀವು ಹೋಗಿ ಏಳು ವರ್ಷವಾದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಹೇಡಿಗಳು ಹೀಗೇ ಅಲ್ಲವೇ?

ಊರಿಂದ ಡೊಂಬಿವಲಿಯ ನಿಮ್ಮ ಮನೆಗೆ ಬಂದ ಮೊದಲ ದಿನ ನೆನಪಾಗುತ್ತದೆ. ನವಿ ಮುಂಬಯಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಉಳಿಯುವುದು ನಿಮ್ಮಲ್ಲಿ ಎಂದು ಆಗಿತ್ತು. ಬಾಗಿಲ ಹೊರಗೇ ಗಿಟಾರಿನ ಅಬ್ಬರ ಕೇಳಿ, ಯಾರೋ ಪಡ್ಡೆ ಹುಡುಗರ ರೂಮಿನ ಬೆಲ್ಲು ಒತ್ತಿದೆನೋ ಎಂದು ಹೆದರಿದೆ. ಒಳಗೆ ನೋಡಿದರೆ ಮಾಜಿವಾಡಾದ ಉಡುಪಿ ಹೋಟೆಲಿನ ಮ್ಯಾನೇಜರು, ನನ್ನ ಅಕ್ಕನ ಗಂಡ, ಬನಿಯನ್ನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ! "ಇದು ಅಮೆರಿಕದ ರಾಕ್, ಗ್ರಂಜ್ ಅಂತ ಹೇಳ್ತಾರೆ ಮಾರಾಯ," ಎಂದಿರಿ. ಅಕ್ಕ ಒಳಗಿನಿಂದಲೇ, "ಗ್ರಂಜೂ ಅಲ್ಲ ಎಂತದೂ ಅಲ್ಲ, ಗಂಜಿ! ದಿನಾ ಗಂಜಿ ಕುಡಿದ ಹಾಗೆ ಅದನ್ನೇ ಕೇಳುದು," ಎಂದಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಗಂಜಿ ಎಂದೇ ಹೆಸರು.

ಆ ಗಂಜಿ ನಿಮಗೆ ಹತ್ತಿದ ಕಥೆಯನ್ನು ನೀವೇ ಹೇಳಿದ್ದಿರಿ. ಸಪ್ಲಾಯರ್ ಆಗಿದ್ದ ಕಾಲದಲ್ಲಿ ಕಾಲೇಜು ಹುಡುಗರು ಟೇಬಲ್ ಮೇಲೆ ಒಂದು ಕ್ಯಾಸೆಟ್ ಮರೆತು ಹೋದರಂತೆ. ಒಂದು ತಿಂಗಳು ಕೌಂಟರಿನಲ್ಲಿಟ್ಟು ಕಾದಿರಿ. ಯಾರೂ ಬರದಾಗ ಮನೆಗೆ ತಂದು ಹಾಕಿದಿರಿ. "ಹೇಳುದು ಎಂತ ಅಂತ ಗೊತ್ತಾಗ್ಲಿಲ್ಲ. ಆದ್ರೆ ಹಾಡುವವನ ಗಂಟಲು ಗೊತ್ತಾಯ್ತು," ಎಂದಿರಿ. ಅಲ್ಲಿಂದ ಆ ಕ್ಯಾಸೆಟ್ಟಿನ ಅಮೆರಿಕದ ಬ್ಯಾಂಡಿನವರು ನಿಮಗೆ 'ನಮ್ಮವರು' ಆದರು. ಊರಿನವರು, ಜಾತಿಯವರು ಸಿಕ್ಕಾಗ ಹೇಳುವ ಹಾಗೆಯೇ, ನಮ್ಮವರು!

ನಮ್ಮವರ ಹೊಸ ಆಲ್ಬಮ್ ಬಂದ ವಾರ ನಾನು ಮೂರನೇ ವರ್ಷದಲ್ಲಿದ್ದೆ. ಅವರ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡು ಎಷ್ಟೋ ಕಾಲವಾಗಿತ್ತು. ನಾನೇ ಇಂಟರ್ನೆಟ್ಟಿನಿಂದ ಇಳಿಸಿ ನಿಮಗೆ ಸೀಡಿ ಮಾಡಿಕೊಟ್ಟೆ. ಅಷ್ಟರಲ್ಲಿ ನಿಮ್ಮ ದೆಸೆಯಿಂದ ನನಗೂ ಗಂಜಿಯ ಹುಚ್ಚು ಹಿಡಿದಿತ್ತು. ಆ ಬ್ಯಾಂಡಿನ ಅಭಿಮಾನಿಗಳ ಒಂದು ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಬರೆದು ನಾಲ್ಕು ಜನ ಗುರುತಿಸುವವನಾಗಿದ್ದೆ. ಹೊಸ ಆಲ್ಬಮ್ಮಿನಲ್ಲಿ ಅಬ್ಬರವೇ ಇರಲಿಲ್ಲ. ಮುದುಕರು ತೂಕಡಿಸುತ್ತ ಬಾರಿಸಿದ್ದಾರೆ ಎಂದು ಅಲ್ಲಿ ಗೀಚಿದೆ. ಎಲ್ಲರೂ ಭೇಷ್ ಎಂದರು. ಆಗ ಅಲ್ಲಿದ್ದವರೆಲ್ಲ ಹೇಳುತ್ತಿದ್ದುದೂ ಅದನ್ನೇ.

ನೀವು ಮಾತ್ರ ಒಂದು ವಾರ ಅದನ್ನೇ ಮತ್ತೆ ಮತ್ತೆ ಕೇಳಿದಿರಿ. ಮಂಗಳವಾರ, ನಿಮ್ಮ ರಜೆಯ ದಿನ, ನನ್ನನ್ನು ಕೂರಿಸಿಕೊಂಡು ಏಳನೇ ಹಾಡು ಹಾಕಿದಿರಿ. "ಅವರು ನಿಧಾನ ಆದದ್ದಲ್ಲ. ಹಾಡುವವನ ಸ್ವರ ಹೋಗಿದೆ, ಉಸಿರು ಸಾಕಾಗುದಿಲ್ಲ. ಉಳಿದವರು ಅವನಿಗೋಸ್ಕರ ನಿಧಾನ ಮಾಡಿದ್ದು. ಕೇಳು, ಇಲ್ಲಿ ಡ್ರಮ್ಮಿನವನು ಒಂದು ಪೆಟ್ಟು ಹೊಡಿಯದೆ ಬಿಡ್ತಾನೆ. ಯಾಕೆ ಹೇಳು? ಇವನಿಗೆ ಉಸಿರು ತೆಗಿಲಿಕ್ಕೆ!" ನಾನು ನಕ್ಕೆ. ನೀವು ಬಿಡಲಿಲ್ಲ. "ನಮ್ಮ ಹೋಟೆಲಲ್ಲಿ ಶೀನಣ್ಣ ಇಲ್ವಾ? ಮೂವತ್ತು ವರ್ಷ ಸಪ್ಲಾಯರ್. ಈಗ ಕಾಲು ಬರುದಿಲ್ಲ. ಅವರಿಗೆ ಅಡಿಗೆಮನೆ ಪಕ್ಕದ ಟೇಬಲ್ ಕೊಟ್ಟಿದ್ದೇನೆ, ನಡಿಲಿಕ್ಕೆ ಕಮ್ಮಿ ಅಂತ. ಗಿರಾಕಿಗೆ ಗೊತ್ತಾಗುದಿಲ್ಲ. ಶೀನಣ್ಣನಿಗೂ ಗೊತ್ತಾಗ್ಬಾರ್ದು. ಇವರೂ ಹಾಡುವವನಿಗೆ ಅಡಿಗೆಮನೆ ಪಕ್ಕದ ಟೇಬಲ್ ಕೊಟ್ಟಿದ್ದಾರೆ."

ಮರುದಿನ ನೀವು ನನ್ನ ಕೈಗೆ ನಾಲ್ಕು ಚೀಟಿ ಕೊಟ್ಟಿರಿ. ಸಪ್ಲಾಯರುಗಳು ಆರ್ಡರ್ ಬರೆಯುವ ಚೀಟಿಗಳ ಹಿಂಬದಿಯಲ್ಲಿ, ನಿಮ್ಮ ದುಂಡನೆಯ ಕನ್ನಡದಲ್ಲಿ, ಅದೆಲ್ಲವನ್ನೂ ಬರೆದಿದ್ದಿರಿ. "ಇಂಗ್ಲಿಷ್ ಮಾಡಿ ಅಲ್ಲಿ ಹಾಕು. ಶೀನಣ್ಣನ ವಿಷಯ ಮಾತ್ರ ಬಿಡ್ಬೇಡ. ಅದಿಲ್ಲದಿದ್ರೆ ಅವರಿಗೆ ಅರ್ಥ ಆಗುದಿಲ್ಲ," ಎಂದಿರಿ. ಹೂಂ ಎಂದು ಚೀಟಿಗಳನ್ನು ಪುಸ್ತಕದೊಳಗೆ ಇಟ್ಟೆ.

ಹಾಕಲಿಲ್ಲ ಭಾವಾ. ಒಂದು ಸಾಲೂ ಹಾಕಲಿಲ್ಲ.

ಮರೆವಲ್ಲ, ಪರೀಕ್ಷೆಯ ಗಡಿಬಿಡಿಯೂ ಅಲ್ಲ. ನಾಚಿಕೆ. ಕಾಲೇಜಿನಲ್ಲಿ ನಿಮ್ಮ ಕೆಲಸ ಕೇಳಿದವರಿಗೆ ನಾನು 'ಹಾಸ್ಪಿಟಾಲಿಟಿ' ಎನ್ನುತ್ತಿದ್ದೆ, ಹೋಟೆಲು ಎನ್ನುತ್ತಿರಲಿಲ್ಲ. ಅಂಥವನು ಅಮೆರಿಕದ ಜನರೆದುರು ಶೀನಣ್ಣನ ಕಾಲುನೋವನ್ನು ಹೇಗೆ ಬರೆಯಲಿ? ಅವರು ನಕ್ಕರೆ? ತೂಕಡಿಸುವ ಮುದುಕರು ಎಂದು ಬರೆದು ಗಳಿಸಿಕೊಂಡ ಹೆಸರು ಹೋದರೆ? ಹೋಗುವಷ್ಟು ದೊಡ್ಡ ಹೆಸರೇನೂ ಅದಾಗಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ.

"ಎಂತಾದ್ರೂ ಬಂತಾ?" ಪ್ರತಿ ಮಂಗಳವಾರ ಟವೆಲ್ಲಿನಲ್ಲಿ ತಲೆ ಒರೆಸುತ್ತ ನೀವು ಕೇಳುತ್ತಿದ್ದಿರಿ. "ಯಾರೂ ಬರ್ದಿಲ್ಲ ಭಾವ," ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ ನೋಡಿ, ಹಾಕದೆ ಇದ್ದುದಕ್ಕೆ ಯಾರು ಬರೆಯುತ್ತಾರೆ? ಮೊದಮೊದಲು "ಅವರಿಗೆ ಸಿಟ್ಟು ಬಂದಿರ್ಬೇಕು," ಎಂದು ನಗುತ್ತಿದ್ದಿರಿ. ಆಮೇಲೆ "ನಿನ್ನ ಇಂಗ್ಲಿಷ್ ಸರಿ ಉಂಟಲ್ಲ?" ಎಂದಿರಿ. ಕೇಳುವುದು ತಿಂಗಳಿಗೊಮ್ಮೆಯಾಯಿತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಕೇಳಲೇ ಇಲ್ಲ, ನೀವಾಗಿಯೇ ಹೇಳಿದಿರಿ: "ಇಷ್ಟು ಜನರಲ್ಲಿ ಒಬ್ಬನಿಗಾದ್ರೂ ಕೇಳ್ಬೇಕಿತ್ತಲ್ಲ. ನನ್ನ ಕಿವಿಯೇ ಸರಿ ಇಲ್ಲ ಕಾಣ್ತದೆ."

ಅದೇ ವಾರ ಅಡುಗೆಮನೆಯ ಗ್ರಿಲ್ಲಿಗೆ ಪಾರಿವಾಳಗಳ ಕಾಟ ಎಂದು ಅಕ್ಕ ಗೊಣಗಿದಳು. ಬಿಲ್ಡಿಂಗಿನ ಎಲ್ಲರೂ ಹಳೇ ಸೀಡಿ ಕಟ್ಟುತ್ತಿದ್ದರು, ಅದರ ಹೊಳಪಿಗೆ ಪಾರಿವಾಳ ಬರುವುದಿಲ್ಲವಂತೆ. ನೀವು ನಾನು ಮಾಡಿಕೊಟ್ಟ ಆ ಸೀಡಿಯನ್ನೇ ತಂದು ದಾರ ಪೋಣಿಸಿ ಕಟ್ಟಿದಿರಿ. ನಾನು ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು, ಭಾವಾ ಬಿಚ್ಚಿ ಅದನ್ನು, ನಿಮ್ಮ ಕಿವಿಗೆ ಏನೂ ಆಗಿಲ್ಲ, ತಪ್ಪು ನನ್ನ... ಚಹಾ ಮುಗಿಸಿ ಲೋಟ ತೊಳೆದಿಟ್ಟೆ.

ಆಲ್ಬಮ್ ಬಂದ ಮೂರನೇ ವರ್ಷ, ಎದೆ ಹಿಡಿದುಕೊಂಡಂತೆ ಆಗುತ್ತದೆ ಎಂದು ಕೌಂಟರಿನಲ್ಲೇ ಕೂತವರು ನೀವು ಮತ್ತೆ ಏಳಲಿಲ್ಲ. ನಿಮ್ಮನ್ನು ಹಿಡಿದುಕೊಂಡಿದ್ದವರು ಶೀನಣ್ಣ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಆ ಕಾಲಿನಲ್ಲಿ ಅಡುಗೆಮನೆ ಬಾಗಿಲಿಂದ ಕೌಂಟರಿನವರೆಗೆ ಓಡಿ ಬಂದರಂತೆ.

ಹೋದ ಭಾನುವಾರ ಡೊಂಬಿವಲಿಯ ಮನೆಗೆ ಹೋಗಿದ್ದೆ. ಶ್ರಾವ್ಯ ಮೊಬೈಲ್ ತಂದು ಮುಖಕ್ಕೆ ಹಿಡಿದಳು. ಅವಳ ಕನ್ನಡ ನಿಮಗೆ ಗೊತ್ತೇ ಇದೆ, ಕೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಮಾಮಾ, ಯೇ ಪಪ್ಪಾ ಕಾ ಗಂಜಿ ಹೈ ನಾ? ಅಭೀ ಸಬ್ ಲೋಗ್ ಬೋಲ್ ರಹೇ ಹೈ, ಯೇ ಇನಕಾ ಬೆಸ್ಟ್ ಆಲ್ಬಮ್ ಹೈ!" ನೋಡಿದೆ. ಹತ್ತು ವರ್ಷ ಯಾರೂ ಮೂಸದ ಆಲ್ಬಮ್ಮನ್ನು ಈಗ ಹಳೆಯ ಅಭಿಮಾನಿಗಳೆಲ್ಲ ತಿರುಗಿ ಕೇಳುತ್ತಿದ್ದಾರೆ. ತಪ್ಪಾಯಿತು, ಇದೇ ಅವರ ಎಲ್ಲಕ್ಕಿಂತ ಒಳ್ಳೆಯ ಆಲ್ಬಮ್ ಎನ್ನುತ್ತಿದ್ದಾರೆ. ಒಬ್ಬ ಉದ್ದಕ್ಕೆ ಬರೆದಿದ್ದಾನೆ: ಏಳನೇ ಹಾಡಿನಲ್ಲಿ ಡ್ರಮ್ಮಿನವನು ಬಿಡುವ ಆ ಒಂದು ಪೆಟ್ಟು ಹಾಡುವವನ ಉಸಿರಿಗಾಗಿ, ಇದನ್ನು ಇಷ್ಟು ವರ್ಷ ಯಾರೂ ಗಮನಿಸಲೇ ಇಲ್ಲವಲ್ಲ ಎಂದು. ಯಾರೂ! ಕೆಳಗೆ ಜನ ಅವನ ಕಿವಿಯನ್ನು ಹೊಗಳಿದ್ದೇ ಹೊಗಳಿದ್ದು. ಶ್ರಾವ್ಯ ಕೇಳಿದಳು, "ಪಪ್ಪಾ ಕೋ ಯೇ ಅಚ್ಛಾ ಲಗತಾ ಥಾ ಕ್ಯಾ?" ಅದು ನಿಮಗೆ ಇಷ್ಟವಾಗುತ್ತಿತ್ತೇ ಎಂದು ಕೇಳಿದವಳ ಕೈಗೇ ಮೊಬೈಲ್ ಕೊಟ್ಟು ಅಡುಗೆಮನೆಗೆ ಹೋದೆ.

ಅಕ್ಕ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅವಳೆದುರು ಕೂತು ಎಲ್ಲ ಹೇಳಿದೆ. ಕೈ ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ಹೇಳಿ ಮುಗಿದ ಮೇಲೆ, "ಶೀನಣ್ಣನ ಹೆಸರು ಬರಿಲಿಕ್ಕೆ ನಿಂಗೆ ನಾಚಿಕೆಯಾ? ನೀನು ನಾಲ್ಕು ವರ್ಷ ಉಂಡದ್ದು ಅದೇ ಹೋಟೆಲಿನ ಅನ್ನ," ಎಂದಳು. ಇನ್ನೊಂದು ಕಟ್ಟು ಬಿಚ್ಚುತ್ತ, "ನಿನ್ನ ಭಾವ ಕಾಯ್ತಾ ಇದ್ರು ಗೊತ್ತುಂಟಾ?" ಎಂದಳು. ಅಷ್ಟೇ. ಆಮೇಲೆ ಊಟಕ್ಕೂ ಕರೆಯಲಿಲ್ಲ. ಗ್ರಿಲ್ಲಿನ ಸೀಡಿ ಬಿಚ್ಚಲು ಹೋದರೆ, "ಮುಟ್ಬೇಡ, ಅವರು ಕಟ್ಟಿದ್ದು," ಎಂದಳು.

ನಿಮ್ಮ ಚೀಟಿಗಳು ನನ್ನ ಮಾರ್ಕ್ಸ್‌ಕಾರ್ಡುಗಳ ಜೊತೆ ಫೈಲಿನಲ್ಲೇ ಇದ್ದವು. ಘೋಡಬಂದರ್ ರಸ್ತೆಯ ನನ್ನ ಮನೆಗೆ ಬಂದವನೇ ನಾಲ್ಕನ್ನೂ ಇಂಗ್ಲಿಷಿಗೆ ಮಾಡಿದೆ. ಶೀನಣ್ಣನನ್ನು ಬಿಡಲಿಲ್ಲ, ಮೂವತ್ತು ವರ್ಷವನ್ನೂ ಬಿಡಲಿಲ್ಲ, ಅಡುಗೆಮನೆ ಪಕ್ಕದ ಟೇಬಲನ್ನೂ ಬಿಡಲಿಲ್ಲ. ನಿಮ್ಮ ಹೆಸರು ಹಾಕಿ, ಹತ್ತು ವರ್ಷದ ಹಿಂದೆ ಬರೆದದ್ದು ಎಂದು ಸೇರಿಸಿ ಆ ವೆಬ್‌ಸೈಟಿನಲ್ಲಿ ಹಾಕಿದೆ.

ಎಂತಾದ್ರೂ ಬಂತಾ ಎಂದು ಕೇಳುತ್ತಿದ್ದಿರಲ್ಲ? ಬಂತು ಭಾವಾ. ಒಂದೇ ಒಂದು. ಯಾರೋ ಬರೆದಿದ್ದಾನೆ: ಎಲ್ಲರೂ ಹೊಗಳಲು ಶುರು ಮಾಡಿದ ಮೇಲೆ ಹೀಗೆ ಹೇಳುವವರು ಬಹಳ ಜನ ಇದ್ದಾರೆ, ಆಗ ಎಲ್ಲಿದ್ದೆ?

ನಿಮ್ಮನ್ನು ಕೇಳಿದ್ದಾನೆ, ನಿಮ್ಮನ್ನು! ಆಗ ಎಲ್ಲಿದ್ದೆ ಎಂದು!

ನಿನ್ನೆ ಬೆಳಿಗ್ಗೆ ಅವನಿಗೆ ಉತ್ತರ ಬರೆದುಕೊಂಡೆ: ಆಗ ಇವರು ಠಾಣೆಯ ಮಾಜಿವಾಡಾದಲ್ಲಿ ಒಂದು ಹೋಟೆಲಿನ ಕೌಂಟರಿನಲ್ಲಿ ಕೂತು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದರು. ಇದನ್ನು ನಿಮಗೆ ತಲುಪಿಸಬೇಕಾಗಿದ್ದವನು ನಾನು, ಇವರ ಹೆಂಡತಿಯ ತಮ್ಮ. ತೂಕಡಿಸುವ ಮುದುಕರು ಎಂದು ಇಲ್ಲೇ ಬರೆದವನೂ ನಾನೇ. ತಲುಪಿಸಲಿಲ್ಲ. ತಮ್ಮ ಕಿವಿಯೇ ಸರಿಯಿಲ್ಲ ಎಂದುಕೊಂಡು ಇವರು ತೀರಿಹೋದರು.

ಕಳಿಸುವ ಮೊದಲು ಅಕ್ಕನಿಗೆ ಫೋನು ಮಾಡಿ ಕನ್ನಡದಲ್ಲಿ ಓದಿ ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೂಗಿತು. ಹಾಕಲಾ ಎಂದು ಕೇಳಿದೆ.

"ಹಾಕು. ಆದ್ರೆ ಅಲ್ಲಿಂದ ಅಲ್ಲ," ಎಂದಳು ಅಕ್ಕ. "ಇಲ್ಲಿ ಬಾ. ನನ್ನ ಕಣ್ಣೆದುರು ಹಾಕು."

ಈಗ ಗಾಡಿ ಹಿಡಿಯಲು ಹೊರಟಿದ್ದೇನೆ ಭಾವಾ.

ನಿಮ್ಮ ಭಾವಮೈದುನ,
ಪ್ರಸಾದ