ಕನ್ನಡಿಯ ಮುಂದೆ ಹೆಣೆದ ಚೀಲ

ಅಮ್ಮಾ,

ಮನಿ ಪ್ಲಾಂಟ್ ಕುಂಡ ತೂಗುಹಾಕಲು ನೀನು ಹಾಕುತ್ತಿದ್ದ ಕ್ರೋಶಾ ಚೀಲ ನೀನು ಹೋದಾಗ ಅರ್ಧಕ್ಕೇ ನಿಂತಿತ್ತಲ್ಲ, ಇವತ್ತು ಅದನ್ನು ಕೈಗೆತ್ತಿಕೊಂಡೆ. ಕಡ್ಡಿ ಹಿಡಿದರೆ ಕೈ ಮುಂದಕ್ಕೇ ಹೋಗಲಿಲ್ಲ. ನೀನು ಎಡಗೈಯವಳು, ನಾನು ಬಲಗೈಯವಳು. ಕಲಿಸುವಾಗ ನೀನು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಕನ್ನಡಿ ನೋಡ್ದಂಗೆ ನನ್ನನ್ನ ನೋಡ್ಕೊಂಡು ಹಾಕೇ" ಎನ್ನುತ್ತಿದ್ದೆ. ಎದುರಿಗೆ ನೀನಿಲ್ಲದೆ ನನಗೆ ಹೆಣೆಯಲು ಬರುವುದೇ ಇಲ್ಲ ಎಂದು ಇವತ್ತು ಗೊತ್ತಾಯಿತು.

ಕೊನೆಗೆ ನಿಲುಗನ್ನಡಿಯ ಮುಂದೆ ಹೋಗಿ ಕೂತೆ. ಕನ್ನಡಿಯೊಳಗಿನ ಹೆಂಗಸು ಎಡಗೈಯಲ್ಲಿ ಕಡ್ಡಿ ಹಿಡಿದಿದ್ದಳು. ಕಿವಿಯ ಹತ್ತಿರ ನಿನ್ನದೇ ನರೆ. ಅವಳ ಕೈಯನ್ನೇ ನೋಡುತ್ತ ಹಾಕತೊಡಗಿದೆ; ದಾರ ತಾನಾಗಿ ಓಡಿತು.

ನನ್ನ ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಸಾಕು ನಿಲ್ಸಮ್ಮಾ! ಇದೇನು ಕುಂಡಕ್ಕೋ, ಕುಂಬಳಕಾಯಿಗೋ?"

ನೋಡಿದರೆ ನಿಜ. ನಿನ್ನ ಪುಟ್ಟ ಕುಂಡ ಅದರೊಳಗೆ ಮುಳುಗಿಯೇ ಹೋಗುತ್ತದೆ. ಚೀಲ ಯಾವಾಗಲೋ ಮುಗಿದಿತ್ತು; ಕನ್ನಡಿ ಬಿಟ್ಟು ಏಳಲು ನನಗೇ ಮನಸ್ಸಾಗಿರಲಿಲ್ಲ.

"ಹೆಚ್ಚಾಗಿರೋದನ್ನ ಬಿಚ್ಚಿಬಿಡ್ಲಾ?" ಎಂದು ಮಗಳು ದಾರದ ತುದಿ ಹಿಡಿದಳು.

"ಮುಟ್ಬೇಡ ಕಣೇ," ಎಂದೆ. "ನಡಿ, ದೊಡ್ಡ ಕುಂಡ ತರೋಣ."